ನಮ್ಮ ಜಲಜ

ಶೇಷಗಿರಿಯವರು ಜನ ನಗುವುದನ್ನು ಕಣ್ಣಾರೆ ನೋಡಿದವರಲ್ಲ. ಒಂದು ಕಾಲಕ್ಕೆ ಬಸವನಗುಡಿಯಿಂದ ಮಲ್ಲೇಶ್ವರದವರೆಗೆ ಅವರಷ್ಟು ಜನರನ್ನು ನಗಿಸಿದವರು ಇನ್ನೊಬ್ಬರಿರಲಿಲ್ಲ, ಆದರೂ ಇದು ನಿಜ. ಮಾತು ಮುಗಿದು ಇನ್ನೇನು ಪೆಂಡಾಲಿನ ತುಂಬ ನಗು ಏಳಬೇಕು ಎನ್ನುವಷ್ಟರಲ್ಲಿ ಅವರ ಕೈ ಮೂಗಿನ ಮೇಲಿನ ದಪ್ಪ ಗಾಜಿನ ಕನ್ನಡಕಕ್ಕೆ ಹೋಗುತ್ತಿತ್ತು. ಅದನ್ನು ತೆಗೆದು, ತಲೆ ಬಗ್ಗಿಸಿ, ಅಂಗಿಯ ತುದಿಯಿಂದ ನಿಧಾನವಾಗಿ ಒರೆಸುತ್ತ ನಿಲ್ಲುವರು. ಕನ್ನಡಕ ತೆಗೆದರೆ ಅವರಿಗೆ ಎದುರಿಗೆ ಬಂದು ನಿಂತ ಸಿಟಿ ಬಸ್ಸೂ ಕಾಣುತ್ತಿರಲಿಲ್ಲ. ನಗು ಪೂರ್ತಿ ಇಳಿದದ್ದು ಕಿವಿಗೆ ತಿಳಿದ ಮೇಲೆಯೇ ಕನ್ನಡಕ ಏರಿಸಿ, ಏನೂ ಆಗಿಲ್ಲವೆಂಬಂತೆ ಮುಂದಿನ ಮಾತಿಗೆ ಹೋಗುವರು.

ಜನ ಅದನ್ನು ಅವರ ಸ್ಟೈಲು ಎಂದುಕೊಂಡಿದ್ದರು. ನಾನೂ ಹಾಗೇ ಅಂದುಕೊಂಡು ಒಮ್ಮೆ ಕೇಳಿದ್ದಕ್ಕೆ, "ಸ್ಟೈಲೂ ಇಲ್ಲ, ಮಣ್ಣೂ ಇಲ್ಲ ಉಷಾ. ನಗ್ತಿರೋರ ಮುಖ ನೋಡಿದ್ರೆ ಮುಂದಿನ ಮಾತು ಅವಸರಕ್ಕೆ ಬಿದ್ಬಿಡತ್ತೆ. ನಗು ಮುಗಿಯೋ ತನಕ ಕಾಯ್ಬೇಕು. ಕಾಯೋದಕ್ಕೆ ಕೈಗೊಂದು ಕೆಲಸ ಬೇಕು," ಅಂದಿದ್ದರು.

ನಮ್ಮದು ಚಾಮರಾಜಪೇಟೆಯ ಒಂದೇ ರಸ್ತೆ. ನಮ್ಮ ಮನೆಯಿಂದ ನಾಲ್ಕು ಮನೆ ಆಚೆ ಅವರದು. ತೊಂಬತ್ತರ ದಶಕದ ಆರಂಭದಲ್ಲಿ ಅವರು ಕಾಟನ್‌ಪೇಟೆಯ ಒಂದು ಸಗಟು ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಹಗಲೆಲ್ಲ ಅಲ್ಲಿ ಬಾಯಿ ಬಿಡದೆ ಕೂತು, ಸಂಜೆಯಾದರೆ ಗಣೇಶನ ಪೆಂಡಾಲು, ರಾಜ್ಯೋತ್ಸವದ ವೇದಿಕೆ ಎಂದು ಹೊರಡುವರು. ಮೊದಮೊದಲು ಅವರ ಕೆಲಸ ಆರ್ಕೆಸ್ಟ್ರಾದವರು ವಾದ್ಯ ಹೊಂದಿಸಿಕೊಳ್ಳುವ ತನಕ ಜನ ಎದ್ದು ಹೋಗದಂತೆ ಹಿಡಿದಿಡುವುದು. ಒಂದೆರಡು ವರ್ಷದಲ್ಲಿ ಜನ ಅವರಿಗಾಗಿಯೇ ಬಂದು, ಆರ್ಕೆಸ್ಟ್ರಾ ಶುರುವಾದ ಮೇಲೆ ಎದ್ದು ಹೋಗತೊಡಗಿದರು. ಹಾಡುವವರಿಗೆ ಅವರ ಮೇಲೆ ಹೊಟ್ಟೆಯುರಿ ಇದ್ದರೆ ಅದರಲ್ಲಿ ತಪ್ಪೇನಿರಲಿಲ್ಲ.

ಮಿಮಿಕ್ರಿ ಅವರಿಗೆ ಬರುತ್ತಿರಲಿಲ್ಲ, ವೇಷ ಹಾಕುತ್ತಿರಲಿಲ್ಲ. ಅವರ ಬಂಡವಾಳವೆಲ್ಲ ಹೆಂಡತಿ. "ನಮ್ಮ ಜಲಜ ಏನ್ ಮಾಡಿದ್ಲು ಗೊತ್ತಾ?" ಎಂದು ಶುರು ಮಾಡಿದರೆ ಸಾಕು, ಮುಂದಿನ ಸಾಲಿನವರು ಆಗಲೇ ಹೊಟ್ಟೆ ಹಿಡಿದುಕೊಳ್ಳುತ್ತಿದ್ದರು. ನಮ್ಮ ಜಲಜ ಗೊಜ್ಜವಲಕ್ಕಿ ಮಾಡಿದಳು, ತಿಂದು ಬಹಳ ಚೆನ್ನಾಗಿದೆ ಅಂದೆ, ಅವತ್ತಿನಿಂದ ಮನೆಗೆ ಬಂದವರಿಗೆಲ್ಲ ಅದೇ ಬಡಿಸಿದಳು, ಈಗ ನಮ್ಮ ಮನೆಗೆ ನೆಂಟರೇ ಬರುವುದಿಲ್ಲ, ನಾನು ಚೆನ್ನಾಗಿದೆ ಅಂದದ್ದೇ ಅದಕ್ಕೆ. ನಮ್ಮ ಜಲಜ ಹೂವು ಚೌಕಾಸಿ ಮಾಡಲು ನಿಂತಳು, ಮಾತಾಡಿದಳು, ಮಾತಾಡಿದಳು, ಅವಳು ಮುಗಿಸುವ ಹೊತ್ತಿಗೆ ಹೂವೆಲ್ಲ ಬಾಡಿತ್ತು, ಹೂವಿನವಳು ಕೈಮುಗಿದು ಪುಕ್ಕಟೆ ಕೊಟ್ಟು ಕಳಿಸಿದಳು. ಇವನ್ನು ಹೀಗೆ ಬರೆದರೆ ಏನೂ ಇಲ್ಲ. ಅವರ ಬಾಯಲ್ಲಿ ಕೇಳಬೇಕಿತ್ತು, ಆಮೇಲೆ ಆ ಕನ್ನಡಕ ಒರೆಸುವುದನ್ನು ನೋಡಬೇಕಿತ್ತು.

ನಿಜವಾದ ಜಲಜಮ್ಮನನ್ನು ನಾನು ದಿನಾ ನೋಡುತ್ತಿದ್ದೆ. ತೆಳ್ಳಗಿನ, ಮೆಲ್ಲಗೆ ಮಾತಾಡುವ ಹೆಂಗಸು. ಗೊಜ್ಜವಲಕ್ಕಿಯಂತೂ ನಮ್ಮ ರಸ್ತೆಯಲ್ಲೇ ಅವರ ಕೈಯದು ಮೇಲು. ನಮ್ಮಮ್ಮ ಡಬ್ಬಿ ಕೊಟ್ಟು ಕಳಿಸಿ ತರಿಸಿಕೊಳ್ಳುತ್ತಿದ್ದಳು. ಚೌಕಾಸಿ ಎಂದರೆ ಏನೆಂದೇ ಆಕೆಗೆ ಗೊತ್ತಿರಲಿಲ್ಲ. ಆದರೆ ಗಾಂಧಿಬಜಾರಿನಲ್ಲಿ ಹೂವು ಕೊಳ್ಳಲು ನಿಂತರೆ ಹೂವಿನವಳು, ಬನ್ನಿ ಜಲಜಮ್ಮ, ಇವತ್ತು ಹೂವು ಬಾಡೋ ತನಕ ಮಾತಾಡ್ತೀರೋ ಹೇಗೆ ಎಂದು ಕೇಳುವಳು, ಸುತ್ತ ನಿಂತವರು ನಗುವರು. ಜಲಜಮ್ಮ ತಾವೂ ಒಂದಿಷ್ಟು ನಕ್ಕು, ಕೇಳಿದಷ್ಟು ಕೊಟ್ಟು, ಹೂವು ಬುಟ್ಟಿಗೆ ಹಾಕಿಕೊಂಡು ಬರುವರು.

ನನಗೇ ತಡೆಯಲಾರದೆ ಒಮ್ಮೆ, ನಿಮಗೆ ಬೇಜಾರಾಗಲ್ವಾ ಎಂದು ಕೇಳಿಬಿಟ್ಟೆ. ಅವರು ಅಕ್ಕಿ ಆರಿಸುತ್ತಿದ್ದರು. ಮೊರದಿಂದ ತಲೆ ಎತ್ತದೆಯೇ, "ಆ ಜಲಜ ಬೇರೆ ಕಣೇ. ನಮ್ಮನೆ ನಡೆಸ್ತಿರೋಳು ಅವಳೇ. ಅವಳ ಮೇಲೆ ಕೋಪ ಮಾಡ್ಕೊಂಡ್ರೆ ಆಗತ್ತಾ?" ಅಂದರು.

ಅಷ್ಟರಲ್ಲಿ ಖಾಸಗಿ ಟೀವಿ ಬಂತು. ಬಂದ ಹೊಸತರಲ್ಲಿ ಚಾನೆಲ್ಲಿನವರಿಗೆ ಏನಾದರೂ ತೋರಿಸಬೇಕಿತ್ತು, ಏನು ತೋರಿಸಬೇಕೆಂದು ಗೊತ್ತಿರಲಿಲ್ಲ. ಶೇಷಗಿರಿಯವರನ್ನು ಕರೆದು ವಾರಕ್ಕೊಂದು ಹಾಸ್ಯದ ಕಾರ್ಯಕ್ರಮ ಮಾಡಿಕೊಡಿ ಎಂದರು. ಅಂಗಡಿ ಬಿಟ್ಟು ಅವರು ಪ್ರೊಡ್ಯೂಸರ್ ಆದರು. ಗಾಂಧಿನಗರದಲ್ಲಿ, ಸಿನಿಮಾ ಹಂಚಿಕೆದಾರರ ಆಫೀಸುಗಳ ಮೇಲಿನ ಮಹಡಿಯಲ್ಲಿ ಎರಡು ಕೋಣೆ ಸಿಕ್ಕಿತು. ನಾನಾಗ ಎಡಿಟಿಂಗ್ ಕಲಿತು ಕೆಲಸ ಹುಡುಕುತ್ತಿದ್ದೆ. ಅವರೇ ಮನೆಗೆ ಬಂದು, ನಮ್ಮಪ್ಪನ ಹತ್ತಿರ ಮಾತಾಡಿ, ನನ್ನನ್ನು ಕರೆದುಕೊಂಡು ಹೋದರು. ಅಲ್ಲಿಯವರೆಗೆ ಅಂಕಲ್ ಆಗಿದ್ದವರು ಅವತ್ತಿನಿಂದ ಸಾರ್ ಆದರು.

ಟೀವಿಯಲ್ಲಿ ನಗು ಹೇಗೆ ತಯಾರಾಗುತ್ತದೆಂದು ನಾನು ಕಲಿತದ್ದು ಅಲ್ಲಿ. ಶೂಟಿಂಗ್ ದಿನ ಎಲ್ಲಕ್ಕಿಂತ ಮೊದಲು ನಗುವನ್ನೇ ತೆಗೆಯುತ್ತಿದ್ದೆವು. ಕರೆದು ಕೂರಿಸಿದ ಜನಕ್ಕೆ, ಈಗ ಸಣ್ಣಗೆ ನಗಿ, ಈಗ ಜೋರಾಗಿ, ಈಗ ಪಕ್ಕದವರ ಭುಜ ಬಡಿದು ನಗಿ ಎಂದು ಹೇಳಿ ತೆಗೆದಿಟ್ಟುಕೊಂಡು, ಆಮೇಲೆ ಬೇಕಾದಲ್ಲಿ ಅಂಟಿಸುವುದು. ಶೇಷಗಿರಿಯವರು ಎಲ್ಲ ಕೆಲಸಕ್ಕೂ ಪಕ್ಕದಲ್ಲಿ ನಿಲ್ಲುವರು, ನಗು ಆರಿಸುವ ಹೊತ್ತಿಗೆ ಮಾತ್ರ ಕಾಫಿಗೆ ಎಂದು ಕೆಳಗಿಳಿದುಬಿಡುವರು. ಅಷ್ಟು ಮುಖಗಳು ಸುಮ್ಮಸುಮ್ಮನೆ ನಗುವುದನ್ನು ನೋಡಲು ಅವರಿಂದ ಆಗುತ್ತಿರಲಿಲ್ಲ.

ಕಾರ್ಯಕ್ರಮದಲ್ಲಿ ಜಲಜ ಎಂಬ ಪಾತ್ರವನ್ನು ಒಬ್ಬ ನಟಿ ಮಾಡುತ್ತಿದ್ದಳು. ದೊಡ್ಡ ಕುಂಕುಮ, ಕೈಯಲ್ಲಿ ಲಟ್ಟಣಿಗೆ, ಬಾಯಿ ತೆರೆದರೆ ಕಿರುಚಾಟ. ಊರು ದಾಟದ ಜಲಜ ಈಗ ರಾಜ್ಯಕ್ಕೆಲ್ಲ ಗೊತ್ತಾದಳು. ಜಲಜಮ್ಮ ವಾರ ತಪ್ಪದೆ ನೋಡುವರು. ನಿಮ್ಮ ಆಫೀಸಿನ ಜಲಜ ಸ್ವಲ್ಪ ಮೆತ್ತಗೆ ಮಾತಾಡಲಿ, ಪಾಪ ಗಂಟಲು ಏನಾಗಬೇಕು ಎಂದು ನನ್ನ ಕೈಲಿ ಹೇಳಿ ಕಳಿಸಿದ್ದೂ ಉಂಟು.

ಕಾರ್ಯಕ್ರಮ ಒಳ್ಳೆಯ ಹೆಸರಿನಲ್ಲಿದ್ದಾಗಲೇ ಜಲಜಮ್ಮನಿಗೆ ಕಾಯಿಲೆ ಬಂತು. ಆಸ್ಪತ್ರೆಯಲ್ಲಿ ಹೆಸರು ಕೂಗಿದರೆ ವಾರ್ಡಿನವರೆಲ್ಲ ತಿರುಗಿ ನೋಡಿ, ಓ, ಇವರೇನಾ ಆ ಜಲಜ ಎಂದು ಹಲ್ಲು ಬಿಡುತ್ತಿದ್ದರು. ಕೆಟ್ಟ ಮನಸ್ಸಿನಿಂದಲ್ಲ, ಪ್ರೀತಿಯಿಂದಲೇ. ಕೆಲವೇ ತಿಂಗಳಲ್ಲಿ ಎಲ್ಲ ಮುಗಿಯಿತು. ವೈಕುಂಠ ಸಮಾರಾಧನೆಯ ದಿನ ಊಟವಾದ ಮೇಲೆ ಯಾರೋ, ಶೇಷಗಿರಿಗಳು ಎರಡು ಮಾತಾಡಲಿ ಎಂದರು. ಅವರು ಎದ್ದು ನಿಂತು, "ನಮ್ಮ ಜಲಜ…" ಎಂದರು. ಅಲ್ಲಿಗೆ ನಿಂತಿತು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಹಿಂದಿನಿಂದ ಯಾರೋ ಕಿಸಕ್ಕೆಂದದ್ದು ನನಗೆ ಕೇಳಿಸಿತು. ನಕ್ಕವರು ತಕ್ಷಣ ಬಾಯಿಗೆ ಸೆರಗು ಒತ್ತಿಕೊಂಡರು. ಆದರೆ ಶೇಷಗಿರಿಯವರ ಕಿವಿ ಇಂಥದ್ದನ್ನು ಕೇಳುವುದಕ್ಕೇ ಪಳಗಿದ ಕಿವಿ. ಅವರು ಕೂತುಬಿಟ್ಟರು.

ಆಮೇಲೆ ಅವರು ಕವಿತೆ ಬರೆಯತೊಡಗಿದರು. ವೇದಿಕೆಗೆ ಹೋಗುವುದು ಬಿಟ್ಟರು, ಟೀವಿಯ ಕೆಲಸ ಹೇಗೋ ಆದಷ್ಟು ಮಾಡಿದರು. ಒಂದು ತೆಳ್ಳಗಿನ ಪುಸ್ತಕವೂ ಬಂತು. ಹಾಸ್ಯಗಾರರು ಕವಿತೆ ಬರೆದಿದ್ದಾರೆ ಎಂದರೆ ಜನ ಅದನ್ನೂ ಹಾಸ್ಯವೆಂದೇ ತೆಗೆದುಕೊಂಡರು. ಬಸವನಗುಡಿಯ ಒಂದು ಕವಿಗೋಷ್ಠಿಗೆ ಕರೆದರು, ನಾನೂ ಜೊತೆಗೆ ಹೋದೆ. ಅವರ ಸರದಿ ಬಂದಾಗಲೇ ಸಭೆ ಮೈಕೊಡವಿ ನೆಟ್ಟಗೆ ಕೂತಿತು. ಅವರು ಮೊದಲ ಎರಡು ಸಾಲು ಓದಿದರು:

"ಜಲಜ ಅಡುಗೆಮನೆಯ ದೀಪ ಆರಿಸಿದಳು.
ನಾನಿನ್ನೂ ಊಟಕ್ಕೆ ಕೂತಿದ್ದೆ."

ಸಭೆ ಹೋ ಎಂದು ನಕ್ಕಿತು. ಅವರು ಅಭ್ಯಾಸದಂತೆ ಕನ್ನಡಕ ತೆಗೆದು ಒರೆಸಿದರು. ಅದನ್ನು ಕಂಡು ಜನ ಇನ್ನೂ ಜೋರಾಗಿ ನಕ್ಕರು. ಆ ಕನ್ನಡಕ ಒರೆಸುವುದೇ ನಗಲು ಸನ್ನೆಯೆಂದು ಅವರು ಎಷ್ಟೋ ವರ್ಷದಿಂದ ಕಲಿತಿದ್ದರಲ್ಲ. ನಗು ಇಳಿಯಲೇ ಇಲ್ಲ. ಶೇಷಗಿರಿಯವರು ಕೈಯಲ್ಲಿದ್ದ ಪುಸ್ತಕ ಮುಚ್ಚಿ, ಗೊಜ್ಜವಲಕ್ಕಿಯ ಜೋಕು ಹೇಳಿ, ಚಪ್ಪಾಳೆ ತೆಗೆದುಕೊಂಡು ಬಂದು ಕೂತರು. ನನಗೆ ಮೈಯೆಲ್ಲ ಉರಿಯಿತು.

ಮನೆಗೆ ಬರುವ ಆಟೋದಲ್ಲಿ ಜನರನ್ನು ಬಾಯಿಗೆ ಬಂದಂತೆ ಬೈದೆ. ಅವರು ತಡೆದರು.

"ಅವರದೇನು ತಪ್ಪಮ್ಮಾ? ಆ ಹೆಸರಿಗೆ ನಗಿ ಅಂತ ಊರಿಗೆಲ್ಲ ಪಾಠ ಮಾಡಿದೋನು ನಾನು. ಈಗ ಇದ್ದಕ್ಕಿದ್ದಹಾಗೆ ನಗ್ಬೇಡಿ ಅಂದ್ರೆ ಅವರೇನ್ ಮಾಡ್ತಾರೆ?"

ಹಾಗಾದರೆ ಕವಿತೆಯಿಂದ ಹೆಸರು ತೆಗೆದುಬಿಡಿ ಸಾರ್, ಅವಳು ಅಂತ ಬರೆದರೆ ಸಾಕಲ್ಲ ಎಂದೆ. ಆಟೋ ನಮ್ಮ ರಸ್ತೆಗೆ ತಿರುಗಿದ ಮೇಲೆ ಅವರು ಹೇಳಿದರು.

"ಆಸ್ಪತ್ರೇಲಿ ಒಂದಿನ ನಗ್ತಾನೇ ಹೇಳಿದ್ಲು, ರೀ, ನಾನು ಹಾಗಿರ್ಲಿಲ್ಲ ಅಂತ ಯಾರಿಗಾದ್ರೂ ಒಂದ್ಸಲ ಹೇಳ್ಬಿಡಿ ಅಂತ. ಅದಕ್ಕೆ ಬರೆದದ್ದು ಉಷಾ. ಹೆಸರು ತೆಗೆದ್ರೆ ಯಾರ ಬಗ್ಗೆ ಹೇಳಿದ ಹಾಗಾಯ್ತು? ಅವಳ ಹೆಸರನ್ನ ನಾನು ಅವಳಿಗೆ ವಾಪಸ್ ಕೊಡ್ಬೇಕು. ಒಂದು ಸಭೇಲಿ, ಒಂದೇ ಸಲ. ಸಾಕು ನಂಗೆ."

ಮತ್ತೆರಡು ಕಡೆ ಪ್ರಯತ್ನ ಪಟ್ಟರು. ಮಲ್ಲೇಶ್ವರದಲ್ಲಿ ಮೊದಲೇ, ಇದು ಹಾಸ್ಯವಲ್ಲ, ದಯವಿಟ್ಟು ಗಂಭೀರವಾಗಿ ಕೇಳಿ ಎಂದು ಕೈಮುಗಿದರು. ಅವರು ಕೈಮುಗಿದದ್ದಕ್ಕೇ ಜನ ಬಿದ್ದು ಬಿದ್ದು ನಕ್ಕರು. ಎಲ್ಲಿಯೂ ಮೂರನೆಯ ಸಾಲಿಗೆ ಹೋಗಲು ಆಗಲಿಲ್ಲ. ಸುಮ್ಮನೆ ಓದುತ್ತ ಹೋಗಬಾರದೇ ಎಂದರೆ, ನಗು ಬಂದ ಕಡೆ ಇನ್ನೊಂದು ಜೋಕು ಕೊಡದೆ ಇರೋದು ನನ್ನ ಕೈಲಿ ಆಗಲ್ಲ, ಅದು ಮೈಗೆ ಹತ್ತಿಹೋಗಿದೆ ಎಂದರು. ಆಮೇಲೆ ಕರೆದರೂ ಹೋಗಲಿಲ್ಲ. ಟೀವಿಯವರಿಗೆ ಹೊಸಬರು ಸಿಕ್ಕಿದರು. ಗಾಂಧಿನಗರದ ಕೋಣೆಗಳನ್ನು ಬಿಟ್ಟುಕೊಟ್ಟೆವು. ನನಗೆ ಬೇರೆ ಕಡೆ ಕೆಲಸವಾಯಿತು.

ಕೊನೆಯ ಸಲ ನೋಡಿದಾಗ ಅವರು ಹಾಸಿಗೆ ಹಿಡಿದಿದ್ದರು. ಎದೆಯ ನೋವು, ಆಯಾಸ. ಮುಖ ಸೊರಗಿ ಇಷ್ಟೇ ಆಗಿತ್ತು, ಕನ್ನಡಕ ಅಷ್ಟೇ ದೊಡ್ಡದಾಗಿ ಕಾಣುತ್ತಿತ್ತು. ನನಗೂ ಆಗ ಕನ್ನಡಕ ಬಂದಿತ್ತು. ಅದನ್ನು ನೋಡಿ, ಈಗ ನೀನೂ ನನ್ನ ಪಂಗಡಕ್ಕೆ ಸೇರಿದೆ ಎಂದು ಚೇಷ್ಟೆ ಮಾಡಿದರು. ನನಗೆ ಸುಮ್ಮನಿರಲಾಗದೆ, ಆ ಕವಿತೆ ನನಗಾದರೂ ಪೂರ್ತಿ ಓದಿ ಸಾರ್, ನಾನು ನಗುವುದಿಲ್ಲ ಎಂದು ಕೇಳಿಕೊಂಡೆ.

"ನೀನು ಅಳ್ತೀಯ," ಅಂದರು. "ಅಳೋರ ಮುಂದೆ ಓದೋದು ಸುಲಭ ಉಷಾ. ನಕ್ಕಿದ್ದೋರು ಕೇಳ್ಬೇಕಿತ್ತು."

ಓದಲಿಲ್ಲ. ಅದಾದ ಸ್ವಲ್ಪ ದಿನಕ್ಕೇ ಹೋಗಿಬಿಟ್ಟರು.

ಮಲ್ಲೇಶ್ವರದಲ್ಲಿ ಅಭಿಮಾನಿಗಳು ಶ್ರದ್ಧಾಂಜಲಿ ಸಭೆ ಇಟ್ಟುಕೊಂಡರು. ಸಭಾಂಗಣ ತುಂಬಿತ್ತು. ಬಂದವರೆಲ್ಲ ಅವರ ಒಂದೊಂದು ಜೋಕು ನೆನೆಸಿಕೊಂಡರು, ನಕ್ಕರು, ಕಣ್ಣೊರೆಸಿಕೊಂಡರು. ಆ ಜನಕ್ಕೆ ಅವರ ಮೇಲೆ ಪ್ರೀತಿ ಇರಲಿಲ್ಲವೆಂದು ನಾನು ಹೇಳಲಾರೆ. ನನ್ನ ಸರದಿ ಬಂತು. ಇವರು ಶೇಷಗಿರಿಗಳ ಜೊತೆಗೆ ಕೆಲಸ ಮಾಡಿದವರು, ಒಂದು ತಮಾಷೆಯ ಪ್ರಸಂಗ ಹೇಳಲಿ ಎಂದು ನನ್ನನ್ನು ಕರೆದರು. ನಾನು ಮೈಕಿನ ಮುಂದೆ ನಿಂತು ಅವರ ಪುಸ್ತಕ ತೆರೆದೆ.

"ಜಲಜ ಅಡುಗೆಮನೆಯ ದೀಪ ಆರಿಸಿದಳು.
ನಾನಿನ್ನೂ ಊಟಕ್ಕೆ ಕೂತಿದ್ದೆ."

ನಗು ಎದ್ದಿತು. ಅಷ್ಟು ಜನ ಒಟ್ಟಿಗೆ ನಗುವ ಸದ್ದು ಎದೆಗೆ ಹೀಗೆ ಬಡಿಯುತ್ತದೆಂದು ಕೆಳಗೆ ಕೂತಾಗ ನನಗೆ ಗೊತ್ತಾಗಿರಲಿಲ್ಲ. ಕನ್ನಡಕ ತೆಗೆದು ಸೆರಗಿನಿಂದ ಒರೆಸತೊಡಗಿದೆ. ಗುರುತು ಹಿಡಿದವರು ಇನ್ನೊಮ್ಮೆ ನಕ್ಕರು. ನಾನು ಒರೆಸುತ್ತಲೇ ಇದ್ದೆ. ಎದುರಿಗೆ ಎಲ್ಲ ಮಸುಕು ಮಸುಕು, ಯಾರ ಮುಖವೂ ಇಲ್ಲ. ನನಗೆ ಹೇಳಲು ಜೋಕು ಯಾವುದೂ ಬರುತ್ತಿರಲಿಲ್ಲ, ಅದೊಂದು ಪುಣ್ಯ. ನಗು ಮೊದಲು ಹಿಂದಿನ ಸಾಲುಗಳಲ್ಲಿ ಇಳಿಯಿತು, ಆಮೇಲೆ ನಡುವೆ, ಕೊನೆಗೆ ಮುಂದೆ. ಯಾರೋ ಕೆಮ್ಮಿದರು. ಕನ್ನಡಕ ಹಾಕಿಕೊಂಡು ಮೂರನೆಯ ಸಾಲಿನಿಂದ ಓದಿದೆ.

"ಕತ್ತಲಲ್ಲೇ ತಟ್ಟೆ ತಡವಿದೆ,
ಅನ್ನ ಇನ್ನೂ ಬೆಚ್ಚಗಿತ್ತು.
ಒಳಗೆ ಯಾರೂ ಇಲ್ಲವೆಂದು ಬಲ್ಲೆ.
ಬಡಿಸಿದ ಕೈ ಮೆತ್ತಗಿತ್ತು, ಮಾತು ಅದಕ್ಕಿಂತ ಮೆತ್ತಗೆ,
ಇದನ್ನು ನಾನು ಯಾರಿಗೂ ಹೇಳಲಿಲ್ಲ.
ಈಗ ಗೋಡೆಯ ಕಡೆ ತಿರುಗಿ ಕೇಳುತ್ತೇನೆ,
ಒಂದಿಷ್ಟು ಉಪ್ಪು ತಾ, ಜಲಜ."

ಕೊನೆಯ ಸಾಲಿನಲ್ಲಿ ಆ ಹೆಸರು ಇನ್ನೊಮ್ಮೆ ಬರುತ್ತದೆ. ಅಲ್ಲಿ ನಿಲ್ಲಿಸಿ ನಾನು ತಲೆ ಎತ್ತಿ ಎಲ್ಲರ ಮುಖ ನೋಡಿದೆ. ಯಾರೂ ನಗಲಿಲ್ಲ.