ಗಂಟಲಿನ ಕೆಳಗೆ ನಿಂತ ತುತ್ತು

ನನ್ನ ಗಂಡನಿಗೆ ಎದೆಯುರಿ ಹೊಸದೇನಲ್ಲ. ಮಂಗಳೂರಿನಲ್ಲಿದ್ದಾಗಲೇ ಅವರ ಜೇಬಿನಲ್ಲಿ ಆಸಿಡಿಟಿ ಮಾತ್ರೆ ಇರುತ್ತಿತ್ತು. ಚಿಪ್ ಕಂಪನಿಯ ಕೆಲಸಕ್ಕೆಂದು ಜರ್ಮನಿಯ ನೊಯ್‌ಬಿಬರ್ಗ್‌ಗೆ ಬಂದ ಮೇಲೆ ಇಲ್ಲಿನ ಔಷಧಿ ಅಂಗಡಿ ಅಪೊಟೇಕೆಯಲ್ಲಿ ಡಾಕ್ಟರ ಚೀಟಿಯಿಲ್ಲದೆ ಸಿಗುವ ಮಾತ್ರೆ ಶುರುವಾಯಿತು. ಕೇಳಿದರೆ "ಗ್ಯಾಸ್ಟ್ರಿಕ್" ಎಂದು ನಕ್ಕುಬಿಡುತ್ತಿದ್ದರು. ನಾನೂ ಅದನ್ನು ಕಾಯಿಲೆ ಎಂದುಕೊಂಡಿರಲಿಲ್ಲ.

ಮೊದಲು ಗಮನಿಸಿದ್ದು ಒಂಬತ್ತು ವರ್ಷದ ಮಗಳು. ಒಂದು ಭಾನುವಾರ ಮಧ್ಯಾಹ್ನ ಊಟದ ನಡುವೆ, ಪಪ್ಪ ಯಾಕೆ ಪ್ರತಿ ತುತ್ತಿಗೂ ನೀರು ಕುಡಿಯುತ್ತಾರೆ ಎಂದು ಜರ್ಮನ್‌ನಲ್ಲಿ ಕೇಳಿದಳು. ತಲೆಯೆತ್ತಿ ನೋಡಿದೆ. ಅವರ ತಟ್ಟೆಯಲ್ಲಿ ಸಾರನ್ನ ಮುಗಿದಿತ್ತು, ಚಪಾತಿ ಹಾಗೇ ಇತ್ತು. ಯೋಚಿಸಿದರೆ, ಬೇಕರಿಯ ಬ್ರೆಡ್ಡನ್ನೂ ಅವರು ಮುಟ್ಟದೆ ಎರಡು ತಿಂಗಳಾಗಿತ್ತು.

"ಸಿಕ್ಕಿಕೊಳ್ತದಾ?" ಎಂದೆ.

"ಎಂತ ಇಲ್ಲ ಮಾರಾಯ್ತಿ. ಒಮ್ಮೊಮ್ಮೆ ಇಲ್ಲಿ ನಿಂತ ಹಾಗೆ ಆಗ್ತದೆ, ನೀರು ಕುಡಿದ್ರೆ ಹೋಗ್ತದೆ." ಎದೆಯ ನಡುವೆ ಬೆರಳಿಟ್ಟು ತೋರಿಸಿದರು.

"ಎಷ್ಟು ದಿನದಿಂದ?"

ಅವರು ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋದರು.

ಮರುದಿನ ನನ್ನ ಒತ್ತಾಯಕ್ಕೆ ಹೊಟ್ಟೆಯ ತಜ್ಞರ ಕ್ಲಿನಿಕ್ಕಿಗೆ ಫೋನ್ ಮಾಡಿದರು. ಎದೆಯುರಿ ಎಂದಷ್ಟೇ ಹೇಳಿದ್ದರಿಂದ ಮೂರು ತಿಂಗಳ ನಂತರದ ಟರ್ಮಿನ್, ಅಂದರೆ ಭೇಟಿಯ ದಿನ, ಸಿಕ್ಕಿತು. ಫೋನ್ ಇಟ್ಟಾಗ ಅವರ ಮುಖದಲ್ಲಿದ್ದ ನಿರಾಳ ಕಂಡು ನನಗೆ ಸಿಟ್ಟು ಬಂತು. ಹೆದರಿದ್ದಾರೆ ಎಂದು ಗೊತ್ತಾದದ್ದು ಆಗಲೇ.

ಮಂಗಳವಾರ ಬೆಳಿಗ್ಗೆ ನಾನೇ ಅವರನ್ನು ನಮ್ಮ ಮನೆ ಡಾಕ್ಟರ ಬಳಿ ಎಳೆದುಕೊಂಡು ಹೋದೆ. ಇವರು ಮತ್ತೆ "ಸ್ವಲ್ಪ ಎದೆಯುರಿ" ಎಂದು ಶುರುಮಾಡಿದರು. ನಾನು ಅಡ್ಡಬಾಯಿ ಹಾಕಿ, ನನ್ನ ಅರೆಬರೆ ಜರ್ಮನ್‌ನಲ್ಲಿ, ತಿಂದದ್ದು ಒಳಗೆ ಇಳಿಯುತ್ತಿಲ್ಲ ಎಂದೆ. ಟೈಪ್ ಮಾಡುತ್ತಿದ್ದ ಡಾಕ್ಟರಮ್ಮನ ಕೈ ನಿಂತಿತು.

"ತೂಕ ಇಳಿದಿದೆಯಾ?"

"ಇಲ್ಲ" ಎಂದರು ಇವರು. "ಬೆಲ್ಟಿಗೆ ಹೊಸ ತೂತು ಹಾಕಿದ್ದಾರೆ" ಎಂದೆ ನಾನು.

ಆಕೆ ತುರ್ತು ಎಂಬ ಕೋಡ್ ಹಚ್ಚಿದ ಚೀಟಿ ಬರೆದು, ತಾವೇ ತಜ್ಞರಿಗೆ ಫೋನ್ ಮಾಡಿದರು. ಶುಕ್ರವಾರಕ್ಕೇ ಟರ್ಮಿನ್ ಸಿಕ್ಕಿತು. ಅಷ್ಟು ಬೇಗ ಸಿಕ್ಕಿದ್ದೇ ನನ್ನನ್ನು ಹೆಚ್ಚು ಹೆದರಿಸಿತು.

ಎಂಡೋಸ್ಕೋಪಿ ನಡೆಯುವಾಗ ಹೊರಗೆ ಕುಳಿತಿದ್ದೆ. ಇಪ್ಪತ್ತು ನಿಮಿಷ ಎಂದಿದ್ದರು, ಮುಕ್ಕಾಲು ಗಂಟೆಯಾಯಿತು. ಬಾಗಿಲು ತೆರೆದಾಗಲೆಲ್ಲ ಎದ್ದು ನಿಂತೆ. ಕೊನೆಗೆ ನನ್ನನ್ನು ಒಳಗೆ ಕರೆದರು. ಅನ್ನನಾಳದ ಕೆಳಭಾಗದಲ್ಲಿ ಒಳಪದರ ಬದಲಾಗಿದೆ, ಒಂದು ಕಡೆ ಸಣ್ಣದಾಗಿ ಉಬ್ಬಿದೆ, ಚೂರು ತೆಗೆದಿದ್ದೇವೆ, ಲ್ಯಾಬಿಗೆ ಕಳಿಸುತ್ತೇವೆ ಎಂದರು ತಜ್ಞರು. ಮಂಪರಿನಿಂದ ಇನ್ನೂ ಪೂರ್ತಿ ಎಚ್ಚರವಾಗದ ಇವರು ನನ್ನ ಕೈ ಹಿಡಿದು, "ಎಂತ ಹೇಳಿದ್ರು?" ಎಂದು ನಾಲ್ಕು ಸಲ ಕೇಳಿದರು. ನಾಲ್ಕು ಸಲವೂ "ರಿಪೋರ್ಟ್ ಬರ್ಬೇಕು" ಎಂದೆ.

ಬರಲು ಆರು ದಿನ ಹಿಡಿಯಿತು. ಆ ದಿನಗಳಲ್ಲಿ ನಾವು ಮಗಳ ಶಾಲೆಯ ಬಗ್ಗೆ, ಚಳಿಗಾಲದ ಟಯರ್ ಬದಲಿಸುವ ಬಗ್ಗೆ ಮಾತಾಡಿದೆವು. ಊಟಕ್ಕೆ ಕುಳಿತಾಗ ಅವರ ಗಂಟಲನ್ನೇ ನೋಡುತ್ತಿದ್ದೆ. "ಹಾಗೆ ನೋಡ್ಬೇಡ, ಇನ್ನೂ ಸಿಕ್ಕಿಕೊಳ್ತದೆ" ಎಂದರು ಒಂದು ದಿನ.

ಅದು ಕ್ಯಾನ್ಸರೇ ಆಗಿತ್ತು. ಆದರೆ ಅನ್ನನಾಳದ ಆ ಒಳಪದರ ದಾಟಿರಲಿಲ್ಲ. ತುತ್ತು ನಿಲ್ಲುತ್ತಿದ್ದುದು ಅದರಿಂದಲ್ಲ, ವರ್ಷಗಟ್ಟಲೆ ಆಸಿಡ್ ಸುಟ್ಟ ಜಾಗ ಕಿರಿದಾದದ್ದರಿಂದ ಎಂದು ತಜ್ಞರು ಚಿತ್ರ ಬಿಡಿಸಿ ತೋರಿಸಿದರು. "ಗಡ್ಡೆಯೇ ಅಡ್ಡ ಬರುವಷ್ಟು ಬೆಳೆದಿದ್ದರೆ ಇವತ್ತು ನಾನು ಬೇರೆ ಮಾತು ಹೇಳಬೇಕಾಗುತ್ತಿತ್ತು" ಎಂದರು. ಆಸ್ಪತ್ರೆಯಲ್ಲಿ ಎಂಡೋಸ್ಕೋಪಿನ ಮೂಲಕವೇ ಆ ಭಾಗವನ್ನು ಕತ್ತರಿಸಿ ತೆಗೆದರು. ಅಂಚಿನಲ್ಲಿ ಏನೂ ಉಳಿದಿಲ್ಲ ಎಂಬ ರಿಪೋರ್ಟ್ ಬರುವವರೆಗೆ ಮತ್ತೊಂದು ವಾರ ಉಸಿರು ಬಿಗಿಹಿಡಿದೆವು. ಕಿರಿದಾದ ಜಾಗವನ್ನು ಆಮೇಲೆ ಬಲೂನಿನಿಂದ ಹಿಗ್ಗಿಸಿದರು.

ಮನೆಗೆ ಬಂದ ಮೇಲೆ ಅವರು ಮೊದಲು ಫೋನ್ ಮಾಡಿದ್ದು ಕಲೋನ್‌ನಲ್ಲಿರುವ ಕಾಲೇಜು ಗೆಳೆಯನಿಗೆ. "ನೀನೂ ಎಷ್ಟು ವರ್ಷದಿಂದ ಆ ಮಾತ್ರೆ ನುಂಗ್ತಿದ್ದೀಯ ಗುರು? ಗ್ಯಾಸ್ಟ್ರಿಕ್ ಅಂತ ನೀನೇ ಡಿಸೈಡ್ ಮಾಡ್ಬೇಡ. ಡಾಕ್ಟರ್ ಹತ್ರ ಹೋಗು, ಎಲ್ಲ ಸರಿಯಾಗಿ ಹೇಳು." ಆ ಕಡೆಯಿಂದ ನಗು ಕೇಳಿಸಿತು. ಇವರು ನಗಲಿಲ್ಲ. "ಟರ್ಮಿನ್ ತಗೊಂಡು ಮೆಸೇಜ್ ಹಾಕು, ಕಾಯ್ತೇನೆ" ಎಂದರು.

ಈಗ ಮೂರು ತಿಂಗಳಿಗೊಮ್ಮೆ ತಪಾಸಣೆ. ಇದುವರೆಗೆ ಎರಡು ಸಲವೂ ಏನೂ ಸಿಕ್ಕಿಲ್ಲ. ಆದರೂ ಆ ದಿನ ಹತ್ತಿರ ಬಂದಂತೆ ಮನೆಯಲ್ಲಿ ಮಾತು ಕಡಿಮೆಯಾಗುತ್ತದೆ.