ಟೈಲರಕ್ಕನ ಬೀನ್ಸ್ ಬಳ್ಳಿ

ನಮ್ಮ ಸಾಲು ಮನೆಗಳ ಹಿಂದೆ ಎಲ್ಲರಿಗೂ ಸೇರಿದ ಒಂದು ತುಂಡು ನೆಲವಿದೆ. ನಲ್ಲಿ ಒಂದೇ, ಪೈಪು ಒಂದೇ, ಪಾತಿ ಮಾತ್ರ ಮನೆಗೊಂದು. ಯಾರೇ ಬಂದರೂ ಕಣ್ಣು ಹೋಗುವುದು ಗೋಡೆ ಪಕ್ಕದ ಟೈಲರಕ್ಕನ ಪಾತಿಗೆ. ದಾರ ಕಟ್ಟಿದರೆ ಎಳೆ ಕಾಂಡ ಕುಯ್ದುಹೋಗುತ್ತದೆಂದು ಅವರು ಬೀನ್ಸ್ ಬಳ್ಳಿಯನ್ನು ಕೋಲಿಗೆ ಕಟ್ಟುವುದು ಹೊಲಿದು ಉಳಿದ ಬಟ್ಟೆಯ ಪಟ್ಟಿಗಳಿಂದ. ಯಾರ ಮನೆಗೆ ಹೊಸ ಬಟ್ಟೆ ಬಂತೆಂದು ಬಳ್ಳಿ ನೋಡಿಯೇ ಹೇಳಬಹುದು.

ಟೈಲರಕ್ಕನಿಗೆ ಐವತ್ತು ದಾಟಿದೆ. ಮುಂದಿನ ಕೋಣೆಯ ಕಿಟಕಿಗೆ ಒತ್ತಿಕೊಂಡು ಹೊಲಿಗೆ ಯಂತ್ರ, ಕಾಲಡಿ ಚಿಂದಿಯ ಗುಡ್ಡೆ, ಕೊರಳಲ್ಲಿ ಟೇಪು. ಟೇಪು ಬರೀ ಅಲಂಕಾರಕ್ಕೆ, ಅಳತೆಯೆಲ್ಲ ಕಣ್ಣಲ್ಲೇ. ಒಮ್ಮೆ ನಮ್ಮವರು ಬಾಗಿಲಲ್ಲಿ ನಿಂತದ್ದನ್ನು ನೋಡಿ, ಸೊಂಟ ಒಂದಿಂಚು ಬೆಳೆದಿದೆ, ಹೆಂಡತಿಯ ಕೈರುಚಿ ಜೋರಿರಬೇಕು ಎಂದು ಕಾಲೆಳೆದರು. ಕಳೆದ ವರ್ಷ ಎಳೆಗೂಸನ್ನು ಎತ್ತಿಕೊಂಡು ನಾವು ಈ ಸಾಲಿಗೆ ಬಂದಾಗ ಮೊದಲು ಒಳಬಂದವರೂ ಅವರೇ. ಒಗೆದೊಗೆದು ಮೆತ್ತಗಾದ ಹಳೆ ಬಟ್ಟೆಯಿಂದ ಮಗುವಿಗೆ ಅಂಗಿ ಹೊಲಿದು ತಂದಿದ್ದರು. ಜೊತೆಗೆ ಒಂದು ಹಿಡಿ ಬೀಜ, ಕಂದು ಬಣ್ಣದ ಮೇಲೆ ಬಿಳಿ ಗೀರು. ಅವರು ಮದುವೆಯಾಗಿ ಬರುವಾಗ ಅವರಮ್ಮ ಹಳೆಯ ಕಾಲುಚೀಲದಲ್ಲಿ ಕಟ್ಟಿಕೊಟ್ಟ ಬೀಜದ ಸಂತತಿಯಂತೆ. ಆ ಅಮ್ಮ ಈಗಿಲ್ಲ. ಇಟ್ಟರೆ ಹುಳು ಬೀಳುತ್ತದೆಂದು ಟೈಲರಕ್ಕ ಪ್ರತಿ ವರ್ಷ ತಮಗೆ ಬೇಕಾದಷ್ಟು ಬಿತ್ತಿ, ಉಳಿದದ್ದನ್ನೆಲ್ಲ ಸಾಲಿಗೆ ಹಂಚಿಬಿಡುತ್ತಾರೆ. ಸಾಲಿನವರು ಎಳೆಗಾಯಿಯನ್ನೇ ಕಿತ್ತು ತಿಂದು ಮುಗಿಸುತ್ತಾರೆ. ಬೀಜಕ್ಕೆ ಟೈಲರಕ್ಕ ಇದ್ದಾರಲ್ಲ ಎಂಬ ಧೈರ್ಯ.

ಅದೇ ವರ್ಷ ಮಳೆ ನಿಂತು ಚಳಿ ಶುರುವಾಗುವ ಹೊತ್ತಿಗೆ ಅವರ ಅಕ್ಕ ಆಸ್ಪತ್ರೆ ಸೇರಿದರು. ನೋಡಿಕೊಳ್ಳಲು ಹೊರಟ ಟೈಲರಕ್ಕ, ಪಾತಿಯ ಮೇಲೆ ಒಂದು ಕಣ್ಣಿಡು ಎಂದು ನನಗೆ ಹೇಳಿ ಹೋದರು. ದಿನವೂ ಇಟ್ಟೆ. ಬೀನ್ಸ್ ಬಳ್ಳಿ ಮಾತ್ರ ದಿನದಿಂದ ದಿನಕ್ಕೆ ಒಣಗಿತು. ಎಲೆ ಉದುರಿ, ಕಾಯಿಗಳು ಕಾಗದದಂತಾಗಿ ಗಾಳಿಗೆ ಸರಸರ ಎನ್ನುತ್ತಿದ್ದವು. ಸುಸ್ತಾಗಿ ಬರುವವರ ಕಣ್ಣಿಗೆ ಇದು ಬೀಳಬಾರದು ಎನಿಸಿತು. ಅವರು ಬರುವ ಹಿಂದಿನ ದಿನ ಬಳ್ಳಿಯನ್ನೆಲ್ಲ ಕಿತ್ತು ಮೂಲೆಯಲ್ಲಿ ಗುಡ್ಡೆ ಹಾಕಿ ಬೆಂಕಿಯಿಟ್ಟೆ. ಕಾಯಿಗಳು ಚಟಪಟ ಸಿಡಿದವು. ಮೆಟ್ಟಿಲ ಮೇಲೆ ಕೂತಿದ್ದ ಮಗಳು ತನ್ನ ಗಿಲಕಿ ಆಡಿಸುತ್ತ ಆ ಸದ್ದಿಗೆ ಕೇಕೆ ಹಾಕಿ ನಕ್ಕಳು. ನಾನೂ ನಕ್ಕೆ. ಆ ನಗು ನೆನೆದರೆ ಈಗಲೂ ಮೈ ಹಿಡಿಯಾಗುತ್ತದೆ.

ಮರುದಿನ ಮಗಳನ್ನು ಸೊಂಟಕ್ಕೇರಿಸಿಕೊಂಡು ಅವರ ಮನೆಗೆ ಹೋದೆ. ಬಟ್ಟೆ ಪಟ್ಟಿಗಳನ್ನೆಲ್ಲ ಬಿಚ್ಚಿ, ಒಗೆದು, ಮಡಿಸಿ ಒಯ್ದಿದ್ದೆ. ಶಭಾಷ್ ಎನ್ನುತ್ತಾರೆಂದುಕೊಂಡೆ. ಅವರು ಪಟ್ಟಿಗಳನ್ನು ಕೈಯಲ್ಲಿ ಹಿಡಿದೇ ನಿಂತರು.

"ಬಳ್ಳಿ ಎಲ್ಲೇ?"

"ಒಣಗಿಹೋಗಿತ್ತಲ್ಲ ಅಕ್ಕ, ಸುಟ್ಟುಬಿಟ್ಟೆ."

ಅವರು ಹೊಲಿಗೆ ಯಂತ್ರದ ಮುಂದೆ ಕೂತು ಚಕ್ರದ ಮೇಲೆ ಕೈಯಿಟ್ಟರು, ತಿರುಗಿಸಲಿಲ್ಲ. ಆಮೇಲೆ ಮೆಲ್ಲಗೆ, ಒಣಗಲಿ ಅಂತಲೇ ಬಿಟ್ಟಿದ್ದೆ, ಅದರಲ್ಲೇ ಬೀಜ ಇತ್ತು ಎಂದರು. ಹೇಳದೆ ಹೋದದ್ದು ತಮ್ಮ ತಪ್ಪು ಎಂದೂ ಸೇರಿಸಿದರು. ಬೈದಿದ್ದರೆ ಬೈಸಿಕೊಂಡು ಹಗುರಾಗುತ್ತಿದ್ದೆ. ಸಾಲಿನ ಮನೆಮನೆಗೂ ಹೋಗಿ ಕೇಳುತ್ತೇನೆ ಅಂದೆ. ಅವರು ತಲೆಯಾಡಿಸಿದರು.

"ಅವರೆಲ್ಲ ಬೀಜ ಇಡೋ ಪೈಕಿನಾ? ಇಷ್ಟು ಹೊತ್ತಿಗೆ ಹೊಟ್ಟೆ ಸೇರಿ ಯಾವ ಕಾಲ ಆಯ್ತೋ."

ಆಗಲೇ ಮಗಳು ಗಿಲಕಿ ಆಡಿಸಿದ್ದು. ಟೈಲರಕ್ಕ ಕತ್ತೆತ್ತಿದರು. ಇನ್ನೊಮ್ಮೆ ಆಡಿಸು ಎಂದು ಅವಳಿಗೆ ಸನ್ನೆ ಮಾಡಿ, ನನ್ನ ಕಡೆ ತಿರುಗಿದರು.

"ಅದರೊಳಗೇನು ತುಂಬಿದೀಯ?"

ನಾವು ಬಂದಾಗ ಅವರು ಕೊಟ್ಟ ಹಿಡಿ ಬೀಜವನ್ನು ನಾನು ಬಿತ್ತಿರಲೇ ಇಲ್ಲ. ಹಸುಗೂಸು, ನಿದ್ದೆಯಿಲ್ಲದ ದಿನಗಳು. ಪುಟ್ಟ ತಗಡಿನ ಡಬ್ಬಿಗೆ ಸುರಿದು, ಮುಚ್ಚಳಕ್ಕೆ ಅಂಟುಟೇಪು ಸುತ್ತಿ, ಮೇಲೆ ಬಟ್ಟೆ ಹೊಲಿದು ಗಿಲಕಿ ಮಾಡಿದ್ದೆ. ಆಮೇಲೆ ಮರೆತೂಬಿಟ್ಟಿದ್ದೆ. ಅದನ್ನೇ ತಡವರಿಸುತ್ತ ಹೇಳಿದೆ. ತಲೆ ಎತ್ತಲಾಗಲಿಲ್ಲ.

"ನಮ್ಮಮ್ಮನ ಬೀಜಾನ ನಿನ್ನ ಮಗಳು ವರ್ಷಪೂರ್ತಿ ಕುಣಿಸಿದಾಳೆ ಅನ್ನು," ಎಂದು ನಕ್ಕುಬಿಟ್ಟರು. ಕಣ್ಣು ಮಾತ್ರ ಒದ್ದೆಯಾಗಿತ್ತು.

ಅಂಗಿಯ ಹೊಲಿಗೆ ಬಿಚ್ಚುವಷ್ಟೇ ಜೋಪಾನವಾಗಿ ಗಿಲಕಿ ಬಿಚ್ಚಿದರು. ಬೀಜವನ್ನು ಸೆರಗಿಗೆ ಸುರಿದುಕೊಂಡು, ಡಬ್ಬಿಗೆ ಹಳೆಯ ಗುಂಡಿಗಳನ್ನು ತುಂಬಿ, ಗಟ್ಟಿಯಾಗಿ ಹೊಲಿದು ಕೊಟ್ಟರು. ಮಗಳು ಒಮ್ಮೆ ಆಡಿಸಿ ನೋಡಿದಳು, ಬಿಸಾಡಿದಳು, ರಂಪ ಮಾಡಿದಳು. ಹಳೆಯ ಸದ್ದೇ ಬೇಕಂತೆ ಅವಳಿಗೆ.

ಚಳಿ ಕಳೆದು ಬಿಸಿಲು ಏರಿದ ಮೇಲೆ ಬಿತ್ತಿದೆವು. ಕೆಲವು ಮಣ್ಣಲ್ಲೇ ಕೊಳೆತವು, ಬಹಳಷ್ಟು ಮೊಳೆತವು. ಅರ್ಧವನ್ನು ಟೈಲರಕ್ಕ ನನ್ನ ಪಾತಿಯಲ್ಲೇ ಹಾಕಿಸಿದರು, ಬೀಜ ಇನ್ನು ಒಂದೇ ಮನೆಯಲ್ಲಿ ಇರುವುದು ಬೇಡ ಎಂದು. ಶಿಕ್ಷೆಯಲ್ಲವೆಂದು ಅವರು ಹೇಳಿದರೂ ನನಗೆ ಶಿಕ್ಷೆಯೆಂದೇ ಅನಿಸುತ್ತದೆ.

ಈಗ ನನ್ನ ಬಳ್ಳಿ ಒಣಗುತ್ತಿದೆ. ಇವತ್ತು ಪಕ್ಕದ ಪಾತಿಯ ತಾತ ಕುಡುಗೋಲು ಹಿಡಿದು ಬಂದು, ಹೇಗೂ ನನ್ನ ಪಾತಿ ಚೊಕ್ಕ ಮಾಡಲು ಕೈ ಹಾಕಿದ್ದೇನೆ, ನಿನ್ನ ಈ ಕಸವನ್ನೂ ತೆಗೆದುಬಿಡಲಾ ಮಗಳೇ ಎಂದು ಕೇಳಿದರು. ಬೇಡ ತಾತ ಎಂದು ನಾನು ಕೂಗಿದ ರಭಸಕ್ಕೆ ಮಗಳ ಕೈಯಿಂದ ಗಿಲಕಿ ಬಿತ್ತು. ಗುಂಡಿಗಳು ಖಣಖಣ ಎಂದವು. ಎತ್ತಿ ಅವಳ ಕೈಗಿಟ್ಟೆ. ಅವಳು ಅದನ್ನು ಬಿಟ್ಟು, ಒಣಗಿದ ಕಾಯಿಯೊಂದನ್ನು ಬೆರಳಲ್ಲಿ ತಟ್ಟಿ, ಸದ್ದಿಗೆ ಕಿವಿಗೊಟ್ಟಳು.