ಕತ್ತಲಿಗೆಂದು ಎತ್ತಿಟ್ಟ ಕಣ್ಣು

ಆ ಗೇಟ್‌ಕೀಪರನ್ನು ನಾನು ಮೊದಲು ನೋಡಿದ್ದು ಮಧ್ಯಾಹ್ನದ ಆಟಕ್ಕೆ ಹೋದಾಗ. ಚಿತ್ರಮಂದಿರದ ಮುಂಭಾಗದ ಗಾಜಿನಿಂದ ಬಿಸಿಲು ನೆಲದ ತುಂಬಾ ಬಿದ್ದಿತ್ತು. ಒಳಬಾಗಿಲಿನ ದಪ್ಪ ಕೆಂಪು ಪರದೆಯ ಪಕ್ಕ ಅವರು ನಿಂತಿದ್ದರು. ಇಸ್ತ್ರಿ ಮಾಡಿದ ಖಾಕಿ ಅಂಗಿ, ಮೇಲಿನ ಗುಂಡಿ ಮಾತ್ರ ಇಲ್ಲ. ಮುಷ್ಟಿಯಲ್ಲಿ ಹರಿದ ಟಿಕೆಟ್ ಚೂರುಗಳು. ನನ್ನ ಸೋದರತ್ತೆ ಟಿಕೆಟ್ ಚಾಚಿದಾಗ ಅವರು ನಕ್ಕರು. ಎಡಗಣ್ಣು ಮುಚ್ಚಿತ್ತು.

"ನೋಡಿದ್ಯೇನೇ? ನನಗೆ ಕಣ್ಣು ಹೊಡೆದ!"

"ಅತ್ತೆ, ನಿಮಗೆ ಐವತ್ತೈದಾಯ್ತು."

"ಅದಕ್ಕೇ ಹೇಳೋದು, ಎಷ್ಟು ಧೈರ್ಯ ಅವನಿಗೆ!"

ಗಲಾಟೆ ಕೇಳಿ ಮ್ಯಾನೇಜರ್ ಬಂದರು. "ಏನಯ್ಯಾ, ಮತ್ತೆ ದೂರು? ಇನ್ನೊಂದು ಬಂದ್ರೆ ಕೆಲಸ ಬಿಟ್ಟು ಹೋಗು ಅಂತ ಹೋದ ಸಲವೇ ಹೇಳಿರಲಿಲ್ವಾ?"

ಗೇಟ್‌ಕೀಪರ್ ಮುಖ ಬಾಡಿತು. "ಸಾರ್, ನಾನು ಕಣ್ಣು ಹೊಡೆದಿಲ್ಲ. ಎತ್ತಿಟ್ಟಿದ್ದೀನಿ."

"ಕಣ್ಣೇನು ಒಡವೆನಾ, ಪೆಟ್ಟಿಗೇಲಿ ಎತ್ತಿಡೋಕೆ?"

"ಬಿಸಿಲಿಂದ ಒಳಗೆ ಹೋದ್ರೆ ಏನೂ ಕಾಣಲ್ಲ ಸಾರ್. ಟಾರ್ಚ್ ಹಾಕಿದ್ರೆ ಜನ ಬೈತಾರೆ, ಹಾಕದಿದ್ರೆ ಅವರ ಕಾಲು ತುಳೀತೀನಿ. ಅದಕ್ಕೆ ಒಂದು ಕಣ್ಣು ಮುಚ್ಚಿ ಇಟ್ಕೊಂಡು, ಒಳಗೆ ಹೋದ ಮೇಲೆ ಬಿಡ್ತೀನಿ."

"ಮನೇಲಿ ಹೆಂಡತಿ ಏನೂ ಅನ್ನಲ್ವಾ?" ಎಂದರು ಅತ್ತೆ.

"ಅವಳಿಗೆ ರೂಢಿಯಾಗಿದೆಯಮ್ಮಾ. ಎರಡೂ ಕಣ್ಣು ಬಿಟ್ರೇನೇ, ಏನು ತಪ್ಪು ಮಾಡಿ ಬಂದ್ರಿ ಅಂತ ಕೇಳ್ತಾಳೆ."

ಕಾಲೇಜಿನಲ್ಲಿ ನಮಗೆ ಕಣ್ಣಿನ ಪಾಠ ಮುಗಿದದ್ದು ಅದೇ ವಾರ. ಕಣ್ಣಿನ ಹಿಂಬದಿಯ ಅಕ್ಷಿಪಟಲದಲ್ಲಿ ಎರಡು ಬಗೆಯ ಕೋಶಗಳಿವೆ. ಶಂಕುವಿನಂಥವು ಬೆಳಕಿನಲ್ಲಿ ಬಣ್ಣ ಗುರುತಿಸುತ್ತವೆ. ಕಡ್ಡಿಯಂಥವು ಮಬ್ಬಿನಲ್ಲಿ ದಾರಿ ತೋರಿಸುತ್ತವೆ. ಕಡ್ಡಿಕೋಶಗಳೊಳಗಿನ ನಸುಗೆಂಪು ಬಣ್ಣ ಬಿಸಿಲಿಗೆ ಬಿಳಿಚಿಕೊಳ್ಳುತ್ತದೆ. ಕಾಳು ಹರಡಿದ ಕಣಕ್ಕೆ ಕಲ್ಲೆಸೆದರೆ ಗುಬ್ಬಿಗಳು ಒಟ್ಟಿಗೇ ಹಾರುತ್ತವೆ, ಮರಳುವಾಗ ಒಂದೊಂದಾಗಿ ಬರುತ್ತವೆ. ಆ ಬಣ್ಣ ಕತ್ತಲಲ್ಲಿ ಮರಳುವುದೂ ಹಾಗೆಯೇ. ಮುಚ್ಚಿಟ್ಟ ಕಣ್ಣಿನಲ್ಲಿ ಮಾತ್ರ ಗುಬ್ಬಿಗಳು ಆಗಲೇ ಬಂದು ಕೂತಿರುತ್ತವೆ.

ಇದನ್ನು ಹೇಳಿದೆ. ಮ್ಯಾನೇಜರ್ ತಲೆ ಕೆರೆದುಕೊಂಡರು. ಅತ್ತೆಯೇ ಮುಂದೆ ಬಂದರು: "ನಾನೇ ಪರೀಕ್ಷೆ ಮಾಡ್ತೀನಿ. ಸುಳ್ಳಾದ್ರೆ ಇವನು ಮನೆಗೆ ಹೋಗ್ಲಿ."

ಎಡಗಣ್ಣಿಗೆ ಅಂಗೈ ಒತ್ತಿಕೊಂಡು ಬಿಸಿಲಲ್ಲೇ ನಿಂತರು. ಒಳಗೆ ಜಾಹೀರಾತುಗಳೆಲ್ಲ ಮುಗಿದು ಸಿನಿಮಾ ಶುರುವಾಯಿತು. ಗೇಟ್‌ಕೀಪರ್ ಟಿಕೆಟ್ ಚೂರುಗಳನ್ನು ಹಿಂಡುತ್ತ ನಿಂತೇ ಇದ್ದರು. ಕೊನೆಗೆ ಎಲ್ಲರೂ ಪರದೆ ಸರಿಸಿ ಒಳಗೆ ಹೋದೆವು.

"ಬಿಟ್ಟಿರೋ ಕಣ್ಣಿಗೆ ಸಿನಿಮಾ ಒಂದು ಬಿಟ್ರೆ ಬರೀ ಕತ್ತಲೆ," ಎಂದರು ಅತ್ತೆ. ಅಂಗೈ ತೆಗೆದರು. ಸೀಟುಗಳ ಸಾಲಿನತ್ತ ಕಣ್ಣಾಡಿಸಿದರು. ಆಮೇಲೆ ಅವರ ದನಿ ಇಡೀ ಸಭಾಂಗಣಕ್ಕೆ ಕೇಳಿಸಿತು: "ಅಯ್ಯೋ, ಅಲ್ಲಿ ಬೋಳುತಲೆಯವರೊಬ್ಬರು ಮುಂದಿನ ಸೀಟಿನ ಮೇಲೆ ಕಾಲು ಹಾಕ್ಕೊಂಡಿದ್ದಾರೆ!"

"ಯಾರ್ರೀ ಅದು?" ಎನ್ನುತ್ತ ಬೋಳುತಲೆ ಗಡಬಡಿಸಿ ಕಾಲಿಳಿಸಿತು. ಜನ ನಕ್ಕರು. ಎಲ್ಲರಿಗಿಂತ ಗಟ್ಟಿಯಾಗಿ ನಕ್ಕವರು ಮ್ಯಾನೇಜರ್. "ಸಾಕಯ್ಯಾ, ಹೋಗಿ ಬಾಗಿಲು ನೋಡ್ಕೋ," ಎಂದರು.

"ಹಾಗಾದ್ರೆ ಅವನು ನಿಜವಾಗ್ಲೂ ಕಣ್ಣು ಹೊಡೆದಿರ್ಲಿಲ್ಲ," ಎಂದರು ಅತ್ತೆ ಮನೆಗೆ ಬರುವಾಗ. ದನಿಯಲ್ಲಿ ಸಣ್ಣದೊಂದು ಬೇಸರವಿತ್ತು. ಮರುವಾರ ಕಪ್ಪು ಬಟ್ಟೆಯ ಕಣ್ಣುಪಟ್ಟಿಯೊಂದನ್ನು ಹೊಲಿದು, ಅಂಗಿಗೊಂದು ಗುಂಡಿಯನ್ನೂ ಸೇರಿಸಿ ಕೊಟ್ಟು ಬಂದರು.

ಗೇಟ್‌ಕೀಪರ್ ಈಗಲೂ ಅದೇ ಬಾಗಿಲಲ್ಲಿ ಕಣ್ಣುಪಟ್ಟಿ ಕಟ್ಟಿಕೊಂಡು ಟಿಕೆಟ್ ಹರಿಯುತ್ತಾರೆ. ಒಳಗೆ ಹೋದಾಗ ಪಟ್ಟಿಯನ್ನು ಹಣೆಗೇರಿಸಿ, ಟಾರ್ಚ್ ಇಲ್ಲದೆಯೇ ತಡವಾಗಿ ಬಂದವರನ್ನು ಅವರವರ ಸೀಟಿಗೆ ಕೂರಿಸುತ್ತಾರೆ.